ಪುರುಸೊತ್ತಿನ ಬಿಸಿಲು

ನಮ್ಮೂರಿಗೆ ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವ ಬುದ್ಧಿ ಒಂದೇ. ಯಾರಾದರೂ ಏನಾದರೂ ಕೇಳಿದರೆ ‘ಪುರುಸೊತ್ತಿಲ್ಲ’ ಅಂತ ಮಾತ್ರ ಅನ್ನಬೇಡಿ. ಹೊಟ್ಟೆನೋವು ಅನ್ನಿ, ಮನೆಗೆ ನೆಂಟರು ಬಂದಿದ್ದಾರೆ ಅನ್ನಿ, ನಾಯಿ ಕಚ್ಚಿತು ಅಂತ ಬೇಕಾದರೆ ಕುಂಟಿ ತೋರಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಆ ಒಂದು ಮಾತು ಬಾಯಿಂದ ಬಿತ್ತೋ, ನಿಮ್ಮ ಮನೆಯ ಸಂಜೆಬಿಸಿಲಿನಲ್ಲಿ ಒಂದು ತುಂಡು ಎದ್ದು ಕೇಳಿದವರ ಮನೆಗೆ ಹೋಗಿಬಿಡುತ್ತದೆ. ಅವತ್ತಿನಿಂದ ನಿಮ್ಮ ಅಂಗಳದಲ್ಲಿ ಬೇಗ ಕತ್ತಲು, ಅವರ ಅಂಗಳದಲ್ಲಿ ನಿಧಾನಕ್ಕೆ. ಹೋದ ಬಿಸಿಲು ತಿರುಗಿ ಬರಬೇಕಾದರೆ ನೀವೂ ಅವರನ್ನು ಏನಾದರೂ ಕೇಳಬೇಕು, ಅವರೂ ಅದೇ ಮಾತು ಹೇಳಬೇಕು. ಸುಮ್ಮನೆ ನಿಂತವರ ಮುಂದೆ ಹೋಗಿ ಎಷ್ಟು ಸಲ ಒದರಿದರೂ ಬಿಸಿಲು ಅಲ್ಲಾಡುವುದಿಲ್ಲ.

ಹಾಗಾಗಿ ನಮ್ಮ ಜನ ನಾಲಿಗೆಗೆ ಲಗಾಮು ಹಾಕಿಕೊಂಡೇ ಹುಟ್ಟುತ್ತಾರೆ. ದರ್ಜಿಯನ್ನು ಕೇಳಿದರೆ ‘ಬುಧವಾರ ಬನ್ನಿ’ ಅನ್ನುತ್ತಾನೆ, ಯಾವ ಬುಧವಾರ ಅಂತ ದೇವರಾಣೆಗೂ ಹೇಳುವುದಿಲ್ಲ. ಅತ್ತೆ ಕರೆದರೆ ಸೊಸೆ ‘ಬಂದೆ’ ಅಂತ ಕೂಗಿ ಅಲ್ಲೇ ಕೂರುತ್ತಾಳೆ. ಇನ್ನು ‘ಪುರುಸೊತ್ತಿದೆ’ ಅನ್ನುವ ಮಾತನ್ನಂತೂ ಯಾರೂ ಆಡುವುದೇ ಇಲ್ಲ. ಆಡಿದರೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಬಿಸಿಲಿಗೆ ಏನಾಗುತ್ತದೋ ಬಿಡಿ, ಮಾನ ಮಾತ್ರ ಹೋಗುತ್ತದೆ. ‘ಅಯ್ಯೋ, ಅವಳಿಗೇನು ಕೆಲಸ, ಬಿಟ್ಟಿ ಕೂತಿದಾಳೆ’ ಅನ್ನಲು ಊರು ತುದಿಗಾಲಲ್ಲಿ ನಿಂತಿರುತ್ತದಲ್ಲ!

ನನ್ನ ಹೆಸರು ವನಮಾಲ. ಕನ್ನಡ ಎಂ.ಎ. ಕೊನೆಯ ವರ್ಷ. ಊರು ನನ್ನನ್ನು ಕರೆಯುವುದು ಮಾತ್ರ ‘ಅರ್ಧಂಬರ್ಧ’ ಅಂತ. ಅದಕ್ಕೆ ಕಾರಣ ನನ್ನ ಹವ್ಯಾಸಗಳು. ಹಾರ್ಮೋನಿಯಂ ಕಲಿತೆ, ಸರಿಗಮದಲ್ಲಿ ‘ಪ’ ಬರುವವರೆಗೆ. ಕ್ರೋಷಾದಲ್ಲಿ ಮೇಜಿನ ಹೊದಿಕೆ ಹೆಣೆಯಲು ಹಿಡಿದೆ, ಅದು ಈಗ ನಮ್ಮನೆಯ ಉಪ್ಪಿನ ಜಾಡಿಯ ಮುಚ್ಚಳದ ಮೇಲಿದೆ. ಈಜು ಕಲಿತೆ, ಕೆರೆಯ ಮಧ್ಯದವರೆಗೆ ಹೋಗುವಷ್ಟು. ತಿರುಗಿ ಬರುವ ಪಾಠ ಶುರುವಾಗುವ ಮೊದಲೇ ಬಿಟ್ಟೆ, ಇನ್ನೊಂದು ದಡದ ಅಗಸರು ಎಳೆದು ಹಾಕಿದರು. ನಮ್ಮೂರಲ್ಲಿ ಅಡ್ಡಹೆಸರು ಅಂದರೆ ಹುಡುಗಾಟವಲ್ಲ. ಒಮ್ಮೆ ಅಂಟಿತೆಂದರೆ ಮಕ್ಕಳು ಮೊಮ್ಮಕ್ಕಳವರೆಗೂ ಹೋಗುತ್ತದೆ. ನಮ್ಮಜ್ಜ ಯಾವ ಕಾಲದಲ್ಲೋ ಕಾಂಪೌಂಡು ಅರ್ಧ ಕಟ್ಟಿಸಿ ನಿಲ್ಲಿಸಿದರಂತೆ, ಇವತ್ತಿಗೂ ನಾವು ‘ಮೋಟುಗೋಡೆಯವರು’. ಅದರ ಮೇಲೆ ಅರ್ಧಂಬರ್ಧವೂ ಸೇರಿದರೆ ಮುಂದೆ ನನ್ನ ಮಕ್ಕಳ ಗತಿ ಏನು?

ಅದಕ್ಕೇ ಎಂ.ಎ. ಒಂದನ್ನಾದರೂ ಮುಗಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟಿದ್ದೆ. ಪ್ರಬಂಧಕ್ಕೆ ಊರಿನ ಅಡ್ಡಹೆಸರುಗಳನ್ನೇ ಆರಿಸಿಕೊಂಡೆ. ಬೀದಿ ಬೀದಿ ತಿರುಗಿ, ಬೈಸಿಕೊಂಡು, ಕಾಫಿ ಕುಡಿದು, ಬರೆದೂ ಮುಗಿಸಿದೆ. ಇನ್ನು ಉಳಿದದ್ದು ಮಾರ್ಗದರ್ಶಕರು ಓದಿ ಸಹಿ ಹಾಕುವುದು. ಯುಗಾದಿ ರಜೆಗೆ ಮುಂಚೆ ಸಹಿಯಾಗದಿದ್ದರೆ ವರ್ಷ ಹೋದಂತೆ, ‘ಅರ್ಧ ಎಂ.ಎ.’ ಎನ್ನುವ ಬಿರುದು ಬಂದಂತೆ.

ಮಾರ್ಗದರ್ಶಕರು ಹಂಚಿನಾಳ ಸರ್. ಉತ್ತರದ ಕಡೆಯವರು, ಆ ವರ್ಷವೇ ನಮ್ಮ ಕಾಲೇಜಿಗೆ ಬಂದಿದ್ದರು. ವಿಭಾಗಕ್ಕೆಲ್ಲ ಅವರೊಬ್ಬರೇ, ಪಾಠ ಅವರದು, ಪರೀಕ್ಷೆ ಅವರದು, ಮೀಟಿಂಗು ಅವರದು. ಬಂದ ದಿನವೇ ಕಾಲೇಜಿನ ಜವಾನರು ಊರಿನ ಕಟ್ಟಳೆ ಹೇಳಿದರಂತೆ. ‘ಇಂಥಾ ಮೂಢನಂಬಿಕೆ ನಾ ನಂಬಾಂವಲ್ಲ’ ಎಂದು ಸರ್ ನಕ್ಕುಬಿಟ್ಟರಂತೆ.

ನಾನು ಮೊದಲನೇ ಸಲ ಪ್ರಬಂಧ ಹಿಡಿದು ಹೋಗಿ, “ಸರ್, ಒಂದು ಸಲ ನೋಡಿ ಕೊಡ್ತೀರಾ?” ಅಂದೆ.

“ನನಗ ಈಗ ಪುರುಸೊತ್ತಿಲ್ಲವಾ. ನಾಳೆ ಬಾ,” ಅಂದರು.

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ನನಗೆ ಸರ್ ಅವರನ್ನು ಕಂಡು ಪಾಪ ಅನ್ನಿಸಿತು. ಆದರೆ ಅವತ್ತು ಸಂಜೆ ಮನೆಗೆ ಬಂದರೆ, ಬೀದಿಯೆಲ್ಲ ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಅಂಗಳದಲ್ಲಿ ಮಾತ್ರ ತುಪ್ಪ ಸುರಿದ ಹಾಗೆ ಬಿಸಿಲು. ಅಮ್ಮ ತುಳಸಿಕಟ್ಟೆಯ ಹತ್ತಿರ ಬತ್ತಿ ಹಿಡಿದುಕೊಂಡು, ಹಚ್ಚಬೇಕೋ ಬೇಡವೋ ಗೊತ್ತಾಗದೆ ನಿಂತಿದ್ದಳು. “ಯಾರ ಮನೆ ಬೆಳಕು ಹೊತ್ಕೊಂಡು ಬಂದ್ಯೇ, ಮಾರಾಯ್ತಿ?” ಅಂದಳು.

ನಾಳೆ ಹೋದೆ. ‘ಪುರುಸೊತ್ತಿಲ್ಲ.’ ಆಚೆ ನಾಳೆ ಹೋದೆ. ಅದೇ. ದಿನಾ ಹೋದೆ, ದಿನಾ ಒಂದೊಂದು ತುಂಡು ಬಿಸಿಲು ನನ್ನ ಹಿಂದೆಯೇ ಮನೆಗೆ ಬಂತು. ಕೊನೆಗೆ ಊರಿಗೆಲ್ಲ ಕತ್ತಲಾಗಿ, ಉಂಡು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೂ ನಮ್ಮಲ್ಲಿ ಇಳಿಬಿಸಿಲು. ಪಕ್ಕದ ಮನೆಯ ಸಾಕಮ್ಮತ್ತೆ ಮೊದಲು ಒಂದು ಚಾಪೆ ತಂದು ಹಪ್ಪಳ ಹರವಿದರು. ಮರುದಿನ ಅವರ ಓರಗಿತ್ತಿ ಸಂಡಿಗೆ ತಂದರು. ವಾರ ಕಳೆಯುವುದರೊಳಗೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ, ಅರಳುಸಂಡಿಗೆ, ಬಾಳಕದ ಮೆಣಸಿನಕಾಯಿ, ಯಾರದೋ ಹಾಸಿಗೆ, ಇನ್ಯಾರದೋ ಮಾವ. ಮಾವನವರಿಗೆ ಮಂಡಿನೋವು, ಬಿಸಿಲು ಒಳ್ಳೆಯದಂತೆ.

ನನಗೋ ಸ್ವರ್ಗಕ್ಕೆ ಮೂರೇ ಗೇಣು! ಇಷ್ಟು ದಿನ ಹವ್ಯಾಸ ಅರ್ಧಕ್ಕೆ ನಿಲ್ಲುತ್ತಿದ್ದದ್ದು ಕತ್ತಲಾಗುತ್ತಿದ್ದುದರಿಂದಲೇ ಎಂದು ನನ್ನ ವಾದ. ಹಾರ್ಮೋನಿಯಂ ಮತ್ತೆ ತೆಗೆದು ‘ಪ’ ದಾಟಿ ‘ನಿ’ ಮುಟ್ಟಿದೆ. ಗೆಳತಿ ನಸೀಮಾ ನನ್ನದೇ ಕ್ಲಾಸಿನವಳು. ಅವಳು ದಿನಾ ಬರುತ್ತಿದ್ದಳು, ಇಬ್ಬರೂ ಚೌಕಾಬಾರ ಆಡಿ, ಜಗಳಾಡಿ, ರಾಜಿಯಾಗಿ, ಮತ್ತೆ ಆಡಿದರೂ ಬಿಸಿಲು ಉಳಿದಿರುತ್ತಿತ್ತು. ಆಮೇಲೆ ಗಾಳಿಪಟ ಶುರುವಾಯಿತು. ಬಿದಿರುಕಡ್ಡಿ ಸೀಳಿ, ಮೈದಾ ಅಂಟು ಕಾಸಿ, ಕೆಂಪು ಹಳದಿ ಕಾಗದ ಅಂಟಿಸಿ, ಅಂಗಳದ ಬಾಗಿಲಷ್ಟು ದೊಡ್ಡ ಪಟ ಮಾಡಿದೆವು. ಬಾಲಂಗೋಚಿ ಕಟ್ಟುವ ತಾಳ್ಮೆ ನನಗಿರಲಿಲ್ಲ. ಸೂತ್ರ ಕಟ್ಟಿದ್ದೇ ತಡ ಹಾಗೇ ಹಾರಿಸಿದೆ. ಊರೆಲ್ಲ ಕತ್ತಲಲ್ಲಿರುವಾಗ ನಮ್ಮನೆ ಮೇಲೆ ಬಿಸಿಲು, ಆ ಬಿಸಿಲಿನಲ್ಲಿ ಕೆಂಪು ಪಟ. ಮೇಲೆ ಹೋಗುತ್ತಿತ್ತು, ಗೋತಾ ಹೊಡೆಯುತ್ತಿತ್ತು, ಸಾಕಮ್ಮತ್ತೆಯ ಹಪ್ಪಳದ ಮೇಲೆ ಬೀಳುತ್ತಿತ್ತು, ಬೈಸಿಕೊಂಡು ಮತ್ತೆ ಮೇಲೆ ಹೋಗುತ್ತಿತ್ತು. ಅಷ್ಟು ಸಂತೋಷ ನಾನು ಹುಟ್ಟಿದ ಮೇಲೆ ಪಟ್ಟಿರಲಿಲ್ಲ.

ಆದರೆ ಅತ್ತ ಹಂಚಿನಾಳ ಸರ್ ಮನೆಯಲ್ಲಿ ನಾಲ್ಕು ಗಂಟೆಗೇ ಕತ್ತಲು. ‘ಹಿಂದ ಗುಡ್ಡ ಐತಲ್ಲ, ಅದಕ್ಕ’ ಅನ್ನುತ್ತಿದ್ದರಂತೆ. ಕಾಲೇಜಿನಿಂದ ಹೋಗಿ ಬೀಗ ತೆಗೆಯುವಷ್ಟರಲ್ಲಿ ರಾತ್ರಿ. ಲೈಟು ಹಾಕಿಕೊಂಡರೂ, ಪುರುಸೊತ್ತಿನ ಬಿಸಿಲಿಲ್ಲದ ಮನೆಯಲ್ಲಿ ಪುಸ್ತಕ ತೆರೆದರೆ ಕಣ್ಣು ಎಳೆಯುತ್ತಿತ್ತು. ಹುಡುಗರು ಅವರಿಗೆ ‘ನಾಲ್ಕುಗಂಟೆ ಮೇಷ್ಟ್ರು’ ಎಂದು ಹೆಸರಿಟ್ಟರು. ನಾನು ಸಂಶೋಧಕಿ ಅಲ್ಲವೇ, ತಕ್ಷಣ ಅದನ್ನೂ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಸೇರಿಸಿದೆ.

ಒಂದು ದಿನ ನಸೀಮಾ ಚೌಕಾಬಾರದ ಕವಡೆ ಕೆಳಗಿಟ್ಟು ಅಂದಳು, “ನೀನು ಪೆದ್ದೀನಾ, ಇಲ್ಲಾ ನಾಟ್ಕ ಆಡ್ತಿದೀಯಾ? ಅವ್ರ ಬಿಸಿಲೆಲ್ಲ ನಿನ್ನ ಹತ್ರ ಇದ್ರೆ ಅವ್ರು ಓದೋದು ಯಾವಾಗ, ಸಹಿ ಹಾಕೋದು ಯಾವಾಗ?”

ನನಗೆ ಅದು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಪಟ ಹಾರಿಸುತ್ತಿದ್ದೆ. ಯುಗಾದಿ ಹತ್ತಿರ ಬರುತ್ತಿತ್ತು. “ಬಿಸಿಲು ವಾಪಸ್ ಕೊಟ್ಬಿಡೇ,” ಅಂದಳು ನಸೀಮಾ. ಸಾಕಮ್ಮತ್ತೆ ಅಲ್ಲಿಂದಲೇ, “ಏ ಹುಡುಗೀರಾ, ನನ್ನ ಹಲಸಿನ ಹಪ್ಪಳ ಒಣಗೋವರ್ಗೂ ಯಾರೂ ಏನೂ ಕೊಡೋದು ಬೇಡ! ಡಿಗ್ರಿ ಮುಂದಿನ ವರ್ಷಾನೂ ಸಿಗುತ್ತೆ, ಹಲಸಿನಕಾಯಿ ಸಿಗುತ್ತಾ?” ಎಂದು ಕೂಗಿದರು.

ಕೊಡುವುದಾದರೂ ಹೇಗೆ? ಸರ್ ನನ್ನನ್ನು ಏನಾದರೂ ಕೇಳಬೇಕಲ್ಲ! ಆ ಮನುಷ್ಯ ಯಾರನ್ನೂ ಏನೂ ಕೇಳುವ ಜಾತಿಯಲ್ಲ. ಅವರ ಮುಂದೆ ಕಷ್ಟಪಟ್ಟು ಸೀಮೆಸುಣ್ಣದ ಡಬ್ಬಿ ಬೀಳಿಸಿದೆವು, ‘ಎತ್ತಿಕೊಡವಾ’ ಅನ್ನಲಿ ಎಂದು. ತಾವೇ ಬಗ್ಗಿ ಆರಿಸಿಕೊಂಡರು. ದಾರಿ ಕೇಳಲಿ ಎಂದು ತಿರುವಿನಲ್ಲಿ ನಿಂತೆವು. ತಪ್ಪು ದಾರಿಯಲ್ಲೇ ಸುಮ್ಮನೆ ನಡೆದು ಹೋದರು. ಊಟಕ್ಕೆ ಕರೆದರೆ ‘ಉಪ್ಪು ಹಾಕವಾ’ ಎಂದಾದರೂ ಕೇಳುತ್ತಾರೆ ಎಂದು ನಾನು, “ಸರ್, ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ,” ಅಂದೆ.

“ಪುರುಸೊತ್ತಿಲ್ಲವಾ,” ಅಂದರು.

ಬಂತಲ್ಲಪ್ಪ ಇನ್ನೊಂದು ತುಂಡು! ನಸೀಮಾ ಹಣೆ ಹಣೆ ಚಚ್ಚಿಕೊಂಡಳು.

ರಜೆಗೆ ಇನ್ನೊಂದು ವಾರವಿತ್ತೇನೋ. ಆ ಸಂಜೆ ಪಟ ಎಂದಿಗಿಂತ ಎತ್ತರ ಹೋಗಿತ್ತು. ಮೋಟುಗೋಡೆಯ ಆಚೆ ಕತ್ತಲಲ್ಲಿ ಯಾರೋ ನಿಂತ ಹಾಗಾಯಿತು. ಬೆಳಕಿಗೆ ಬಂದಾಗ ನೋಡಿದರೆ ಹಂಚಿನಾಳ ಸರ್, ಪಂಚೆ ಬನಿಯನ್ನಿನ ಮೇಲೆ ಟವೆಲ್ಲು, ನಿದ್ದೆಯಿಂದ ಎದ್ದ ಮುಖ. ಕತ್ತು ಮೇಲೆ ಮಾಡಿ ಪಟವನ್ನೇ ನೋಡುತ್ತ, ಹಪ್ಪಳ ತುಳಿಯದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದರು. ನಾನು ಅಲ್ಲಿದ್ದೇನೆ ಎಂದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

“ಬಾಲಂಗೋಚಿ ಎಲ್ಲಿ?” ಅಂದರು. “ಬಾಲಂಗೋಚಿ ಇಲ್ಲದ ಪಟ ಗೋತಾ ಹೊಡೀದಽ ಏನ ಮಾಡ್ತೈತಿ? ಅರ್ಧಕ್ಕ ಬಿಟ್ಟೀರಲ್ಲ!” ಆಮೇಲೆ ದಾರ ಹಿಡಿದ ಕೈ ಯಾರದು ಎಂದು ನೋಡಿದರು. “ಏ, ನೀನೇನ ವನಮಾಲಾ? ನಾ ಸಣ್ಣಾಂವಿದ್ದಾಗ ನಮ್ಮೂರಾಗ ನನ್ನ ಪಟ ಯಾರೂ ಕಡಿದಿಲ್ಲ, ಗೊತ್ತೇನ? ದಾರ ಒಂದೀಟು ನನ್ನ ಕೈಗೆ ಕೊಡ್ತೀ ಏನವಾ?”

ಕೇಳಿದರು! ನಸೀಮಾ ಮೊಣಕೈಯಿಂದ ತಿವಿದು, “ಹೇಳೇ, ಹೇಳೇ,” ಅಂದಳು. ಅವರ ಮುಖ ನೋಡಬೇಕಿತ್ತು ನೀವು. ಕಾಲೇಜಿನಲ್ಲಿ ಒಂದು ದಿನವೂ ನಗದ ಮನುಷ್ಯ, ಜಾತ್ರೆಗೆ ಬಂದ ಮಗುವಿನ ಹಾಗೆ ಕೈ ಚಾಚಿ ನಿಂತಿದ್ದಾರೆ. ಅಂಥವರಿಗೆ ಹೇಗೆ ಇಲ್ಲ ಅನ್ನುವುದು? ಹೇಳದಿದ್ದರೆ ನನ್ನ ಡಿಗ್ರಿ? ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, “ನನಗೆ ಪುರುಸೊತ್ತಿಲ್ಲ, ಸರ್,” ಅಂದೆ.

ಅವರ ಕೈ ಕೆಳಗಿಳಿಯಿತು. “ಹೌದವಾ, ನಿಮ್ಮ ಆಟದಾಗ ನಾ ಯಾಕ ಅಡ್ಡ ಬರ್ಲಿ,” ಎಂದು ತಿರುಗಿದರು. ಅಷ್ಟರಲ್ಲಿ ತುಳಸಿಕಟ್ಟೆಯ ಹತ್ತಿರದ ಒಂದು ತುಂಡು ಬಿಸಿಲು ಚಾಪೆ ಎಳೆದ ಹಾಗೆ ಸರಿದು, ಮೋಟುಗೋಡೆ ಹತ್ತಿ, ಬೀದಿ ದಾಟಿ, ಸಾಲುಮನೆಗಳ ಹೆಂಚಿನ ಮೇಲೆ ಓಡಿತು. ಗುಡ್ಡದ ಬುಡದಲ್ಲಿ ಕತ್ತಲಾಗಿದ್ದ ಅವರ ಮನೆಯ ತಾರಸಿ ಫಕ್ಕನೆ ಬೆಳಗಿತು. ಸರ್ ಅದನ್ನೇ ನೋಡುತ್ತ ನಿಂತರು.

“ಸರ್, ಹೋಗ್ಬೇಡಿ!” ಎಂದು ಕೂಗಿದೆ. ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. “ಇನ್ನೊಂದ್ಸಲ ಕೇಳಿ ಸರ್! ಏನಾದ್ರೂ ಕೇಳಿ!”

“ಏನ ಕೇಳ್ಲಿ?”

“ಏನಾದ್ರೂ!”

ಅವರು ಒಂದು ಗಳಿಗೆ ನನ್ನನ್ನು ನೋಡಿದರು, ತಮ್ಮ ತಾರಸಿಯನ್ನು ನೋಡಿದರು. ಮೂಢನಂಬಿಕೆ ನಂಬದವರು ಬಹಳ ಮೆಲ್ಲಗೆ, “ಕುಡಿಯಾಕ ನೀರು ಕೊಡ್ತೀ ಏನವಾ?” ಅಂದರು.

“ಪುರುಸೊತ್ತಿಲ್ಲ!” ಇನ್ನೊಂದು ಚಾಪೆ ಓಡಿತು.

“ಪೆನ್ನು ಕೊಡ್ತೀ ಏನ?” “ಪುರುಸೊತ್ತಿಲ್ಲ!” “ಒಂದು ಹಾಡು ಹೇಳ್ತೀ ಏನ?” “ಪುರುಸೊತ್ತಿಲ್ಲ!” ಆಮೇಲೆ ಅವರಿಗೂ ಮಜಾ ಹತ್ತಿತು. “ನನ್ನ ಕೊಡೆ ರಿಪೇರಿ ಮಾಡ್ತೀ ಏನ?” “ನನ್ನ ಎಮ್ಮಿ ಹಿಂಡ್ತೀ ಏನ?” ಎಮ್ಮೆ ಇಲ್ಲದ ಮನುಷ್ಯ! ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸಾಕಮ್ಮತ್ತೆ ಓಡುತ್ತಿರುವ ಬಿಸಿಲಿನ ಹಿಂದೆ ಚಾಪೆ ಎಳೆದುಕೊಂಡು ಓಡುತ್ತ, “ಅಯ್ಯೋ ನನ್ನ ಹಪ್ಪಳಾ! ಈ ಮೇಷ್ಟ್ರ ಬಾಯಿ ಮುಚ್ಸ್ರೋ!” ಎಂದು ಬೊಬ್ಬೆ ಹಾಕುತ್ತಿದ್ದರು. ನಗುವಿನ ಭರಾಟೆಯಲ್ಲಿ ನಾನು ಎಲ್ಲಿಗೆ ನಿಲ್ಲಿಸಬೇಕು ಎನ್ನುವುದನ್ನೇ ಮರೆತೆ. ಅವರದೆಲ್ಲ ಅವರಿಗೆ ಹೋಗಿ ಮುಗಿದ ಮೇಲೂ ಆಟ ನಡೆದೇ ಇತ್ತು. ಸರ್, “ಎರಡು ಹಪ್ಪಳ ಸುಟ್ಟು ಕೊಡ್ತೀ ಏನ?” ಅಂದರು, ನಾನು ಜೋರಾಗಿ “ಪುರುಸೊತ್ತಿಲ್ಲ!” ಅಂದೆ. ಅಂಗಳ ಗವ್ವೆಂದು ಕತ್ತಲಾಯಿತು. ಆಮೇಲೆ ಹೋದದ್ದೆಲ್ಲ ನನ್ನ ಸ್ವಂತದ್ದು.

ಕತ್ತಲಲ್ಲಿ ಪಟ ಎಲ್ಲೋ ಪಟಪಟ ಎನ್ನುತ್ತ ಕೆಳಗೆ ಬಿತ್ತು. ಸರ್ ತಡಕಾಡಿ ಎತ್ತಿಕೊಂಡರು. “ಇದನ್ನ ನಾ ಒಯ್ತೀನಿ, ಬಾಲಂಗೋಚಿ ಕಟ್ಟಿ ಕೊಡ್ತೀನಿ,” ಅಂದರು. ಒಂದು ಹೆಜ್ಜೆ ಹೋಗಿ ತಿರುಗಿ, “ಆ ಪ್ರಬಂಧ ಎಲ್ಲೈತಿ, ಅದನ್ನೂ ತಾ,” ಅಂದರು. ಓಡಿಹೋಗಿ ತಂದು ಕೈಗಿಟ್ಟೆ.

ಅಲ್ಲಿಂದ ಮುಂದೆ ನಮ್ಮನೆಯಲ್ಲಿ ನಾಲ್ಕಕ್ಕೇ ರಾತ್ರಿ. ಕಾಲೇಜಿನಿಂದ ಬಂದರೆ ಆಕಳಿಕೆ, ಉಂಡರೆ ನಿದ್ದೆ. ಹಾರ್ಮೋನಿಯಂ ಮತ್ತೆ ಪೆಟ್ಟಿಗೆ ಸೇರಿತು. ಅಮ್ಮ ಮಾತ್ರ, “ಕೊಡೋದಾದ್ರೆ ಹೀಗೆ ಕೊಡ್ಬೇಕು ನೋಡು, ಮೈಮೇಲಿನ ಬಟ್ಟೆ ಸಮೇತ,” ಎಂದು ಛೇಡಿಸುತ್ತಿದ್ದಳು. ಸಾಕಮ್ಮತ್ತೆ ನಿಷ್ಠೆ ಬದಲಿಸಿ, ಚಾಪೆ, ಓರಗಿತ್ತಿ, ಮಂಡಿನೋವಿನ ಮಾವ ಸಮೇತ ಸರ್ ತಾರಸಿಗೆ ಹೋದರು.

ಸರ್ ಓದಿದರು. ಓದಿದರು ಅಂದರೆ, ಅಷ್ಟು ಪುರುಸೊತ್ತಿರುವವರು ಓದುವ ಹಾಗೆ ಓದಿದರು! ಒಂದು ಅಲ್ಪವಿರಾಮದ ಬಗ್ಗೆ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಇಡೀ ಪೀರಿಯಡ್ಡು ಮಾತಾಡಿದರು. ಮೋಟುಗೋಡೆ ಎಷ್ಟು ಮೋಟು ಎಂದು ಬಂದು ಗೋಡೆ ಮುಟ್ಟಿ ನೋಡಿಕೊಂಡು ಹೋದರು. ರಜೆಗೆ ಮುಂಚಿನ ಕೊನೆಯ ದಿನ ಬಂತು, ಸಹಿ ಬರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ‘ಮನಿಗೆ ಬಾ’ ಎಂದು ಹೇಳಿಕಳಿಸಿದರು. ನಸೀಮಾಳ ಕೈ ಹಿಡಿದುಕೊಂಡು ತಾರಸಿ ಹತ್ತಿದೆ.

ಹಪ್ಪಳಗಳ ನಡುವೆ ಚಾಪೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಪ್ರಬಂಧ, ಎಲ್ಲೆಲ್ಲೂ ಕೆಂಪು ಇಂಕು. “ಈ ನಾಲ್ಕುಗಂಟೆ ಮೇಷ್ಟ್ರು ಯಾರವಾ?” ಅಂದರು.

ಸತ್ತೆ ಅಂದುಕೊಂಡೆ. ತೆಗೆಯಲು ಮರೆತಿದ್ದೆ! “ಸರ್, ಅದು... ಹುಡುಗ್ರು... ತೆಗೆದ್ಬಿಡ್ತೀನಿ ಸರ್.”

“ಯಾಕ ತಗೀತಿ? ಊರಿಗೆ ಬಂದು ವರ್ಷ ಆಗಿಲ್ಲ, ನನಗೂ ಒಂದು ಹೆಸರು ಕೊಟ್ಟೈತಿ ಊರು. ಇರ್ಲಿ,” ಎಂದು ನಕ್ಕರು. ಆಮೇಲೆ ಮುಖ ಗಂಭೀರವಾಯಿತು. “ಆದ್ರ ನಾ ಸಹಿ ಮಾಡಂಗಿಲ್ಲ. ಇದಕ್ಕ ಬಾಲಂಗೋಚಿ ಇಲ್ಲ. ಊರಾಗಿನ ಎಲ್ಲಾರ ಹೆಸರೂ ಐತಿ. ನಿಂದೆಲ್ಲಿ?”

ನನ್ನ ಮುಖ ಕಾದ ಹೆಂಚಾಯಿತು. ಎಲ್ಲರ ಹೆಸರನ್ನೂ ನಗುನಗುತ್ತ ಬರೆದವಳು ನನ್ನದನ್ನು ಬೇಕೆಂದೇ ಬಿಟ್ಟಿದ್ದೆ. ಪುಸ್ತಕದಲ್ಲಿ ಬಂದುಬಿಟ್ಟರೆ ಅದು ಶಾಶ್ವತ ಎನ್ನುವ ಭಯ. ಸರ್ ಪೆನ್ನು ಚಾಚಿದರು. ಸಾಕಮ್ಮತ್ತೆ ಹಪ್ಪಳ ಮಗುಚುವುದು ನಿಲ್ಲಿಸಿದರು. ಕೊನೆಯ ಪುಟದಲ್ಲಿ ಬರೆದೆ: ‘ಅರ್ಧಂಬರ್ಧ: ಮೋಟುಗೋಡೆ ಮನೆಯ ವನಮಾಲ. ಕೈಗೆತ್ತಿಕೊಂಡ ಯಾವುದನ್ನೂ ಮುಗಿಸದವಳು.’ ಚುಕ್ಕಿ ಇಟ್ಟೆ.

ಸರ್ ಅದರ ಕೆಳಗೇ ಸಹಿ ಹಾಕಿದರು. ನಾನು ನೋಡುತ್ತಲೇ ಇದ್ದೆ. ಮುಗಿಯಿತು. ನಿಜವಾಗಿ ಮುಗಿದಿತ್ತು.

“ಸರ್,” ಅಂದೆ, “ಈಗ ಈ ಕೊನೇ ಸಾಲು ಸುಳ್ಳಾಯ್ತಲ್ಲ?”

“ಹೌದು. ಅದೊಂದು ತಪ್ಪು ನಾ ತಿದ್ದಂಗಿಲ್ಲ,” ಎಂದು ಪೆನ್ನಿನ ಮುಚ್ಚಳ ಹಾಕಿದರು.

ಪ್ರಬಂಧವನ್ನು ಎದೆಗವಚಿಕೊಂಡು ಮೆಟ್ಟಿಲ ಹತ್ತಿರ ಬಂದಿದ್ದೆ. ಕಣ್ಣು ಒರೆಸಿಕೊಂಡು ನೋಡಿದರೆ ಕೆಳಗೆ ಊರೆಲ್ಲ ಮಬ್ಬು, ದೂರದಲ್ಲಿ ನಮ್ಮ ಅಂಗಳವಂತೂ ಆಗಲೇ ಗವ್ವೆನ್ನುವ ಕತ್ತಲು. ಹಿಂದಿನಿಂದ ಸರ್ ಕರೆದರು. ಕೈಯಲ್ಲಿ ನನ್ನ ಪಟ, ಅದಕ್ಕೆ ಅವರ ಹಳೇ ಟವೆಲ್ಲಿನ ಅಂಚು ಹರಿದು ಕಟ್ಟಿದ ಉದ್ದನೆಯ ಬಾಲಂಗೋಚಿ. “ಗಾಳಿ ಚಲೋ ಐತಿ. ಆ ಕಡೆ ಪಟ ಹಿಡಕೊಂಡು ನಿಲ್ತೀ ಏನವಾ? ಅಥವಾ ಇವತ್ತೂ ಪುರುಸೊತ್ತಿಲ್ಲೋ?”

ನಸೀಮಾ, ‘ಬರ್ತೀವಿ ಅನ್ನು’ ಎಂದು ಪಿಸುಗುಟ್ಟಿದಳು. ನಮ್ಮೂರಿನ ಜಾಣ ಉತ್ತರಗಳೆಲ್ಲ ನಾಲಿಗೆ ತುದಿಗೆ ಬಂದವು, ನೋಡೋಣ, ಆಗಲಿ, ಬಂದೆ. ಒಂದೂ ಸಾಲಲಿಲ್ಲ. ಯಾರು ಬಿಟ್ಟಿ ಕೂತಿದ್ದಾಳೆ ಅಂದುಕೊಂಡರೂ ಅಂದುಕೊಳ್ಳಲಿ.

“ಪುರುಸೊತ್ತಿದೆ, ಸರ್!” ಎಂದು ಕೂಗಿದೆ.

ತಾರಸಿಯ ಬಿಸಿಲು ಅಲ್ಲಾಡಲಿಲ್ಲ, ಒಂದು ಗೇಣೂ ಕಡಿಮೆಯಾಗಲಿಲ್ಲ. ಆದರೆ ಅತ್ತ ನಮ್ಮ ಅಂಗಳ ಬೆಳಗಿತು. ಆಮೇಲೆ ಪಕ್ಕದ ಅಂಗಳ, ಆಮೇಲೆ ಬೀದಿ, ದರ್ಜಿಯ ಅಂಗಡಿ, ಕೆರೆ. ಅಮ್ಮ ಬತ್ತಿ ಹಿಡಿದುಕೊಂಡು ಹೊರಗೆ ಬಂದು ಆಕಾಶ ನೋಡುವುದು ಇಲ್ಲಿಂದಲೇ ಕಾಣಿಸಿತು. ಸಾಕಮ್ಮತ್ತೆ ಚಾಪೆಯ ಎರಡು ಮೂಲೆ ಹಿಡಿದು, ಇಲ್ಲೇ ಇರಬೇಕೋ ಮನೆಗೆ ಓಡಬೇಕೋ ತಿಳಿಯದೆ, “ಇದು ಯಾರ ಮನೆ ಬಿಸಿಲ್ರೋ?” ಎಂದು ಕೇಳುತ್ತಿದ್ದರು. ನಾನು ಪಟ ಎತ್ತಿ ಹಿಡಿದು ತಾರಸಿಯ ತುದಿಗೆ ಓಡಿದೆ, ಸರ್ ದಾರ ಜಗ್ಗಿದರು, ಪಟ ಈ ಸಲ ಗೋತಾ ಹೊಡೆಯಲಿಲ್ಲ.